ಹುಣಸಿಮರಕ್ಕ ಮೂರನೇ ಗೇರು

ನನ್ನ ಇಬ್ಬರು ಮಕ್ಕಳಿಗೆ ಕಾರು ಕಲಿಸಲು ಕೂತಾಗ ನನ್ನ ಕಣ್ಣು ಹೋಗುತ್ತಿದ್ದವು. ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವುದರೊಳಗೆ ಕಲಿಸಿಬಿಡಬೇಕು ಅಂತಲೇ ಅಷ್ಟು ಅವಸರ ಮಾಡಿದೆ. ಜಮಖಂಡಿಯ ಕಣ್ಣಿನ ಡಾಕ್ಟರು, "ಇದು ಕಾಚಬಿಂದು, ಗ್ಲಾಕೋಮಾ ಐತಿ. ಹೋದ ದೃಷ್ಟಿ ತಿರುಗಿ ಬರೂದಿಲ್ಲ. ಉಳದದ್ದು ಎಷ್ಟ ದಿನ ಇರತೈತಿ ನಾ ಹೇಳಾಂಗಿಲ್ಲ" ಎಂದು ಕಣ್ಣಿನ ಹನಿಯ ಸಣ್ಣ ಸೀಸೆಯೊಂದನ್ನು ಬರೆದುಕೊಟ್ಟು ಕಳಿಸಿದ್ದರು. ಮೊದಲು ಬದಿಯಿಂದ ಬರುವ ಸೈಕಲ್ಲು ಕಾಣದಾಯಿತು. ಆಮೇಲೆ ಬದಿಯಲ್ಲಿ ನಿಂತ ಎಮ್ಮೆಯೂ ಕಾಣಲಿಲ್ಲ. ಹೆಂಡತಿ ದಿನಾ ಎರಡು ಹೊತ್ತು ಕಣ್ಣಿಗೆ ಹನಿ ಹಾಕುತ್ತಿದ್ದಳು. ಮಕ್ಕಳು ಕೇಳಿದರೆ ಧೂಳಿನ ಉರಿ ಎನ್ನುತ್ತಿದ್ದೆ.

ಗಾಡಿ ಓಡಿಸಿಯೇ ಉಂಡವನು ನಾನು. ನನ್ನದು ಮದುವೆ ಗಾಡಿ. ನನಗಿಂತ ವಯಸ್ಸಾದ, ಮೂಗು ಉದ್ದವಾದ, ಸ್ಟೇರಿಂಗಿನ ಕೊರಳಿಗೇ ಗೇರಿನ ಕಡ್ಡಿ ಅಂಟಿಕೊಂಡ ಕಾರು. ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಎಲ್ಲಿ ಮದುವೆಯಾದರೂ ಮದುಮಕ್ಕಳು ಅದರಲ್ಲೇ ಮೆರೆಯಬೇಕು ಅಂತ ಜನಕ್ಕೊಂದು ಹುಚ್ಚು. ನಮ್ಮಪ್ಪ ಕುರಿ ಕಾಯ್ದು ಬೆಳೆದವನು. ಮುಧೋಳದ ಜಮೀನ್ದಾರರೊಬ್ಬರ ವಾಡೆಯ ಹಿಂದೆ ಕೋಳಿಗಳಿಗೆ ಗೂಡಾಗಿ ನಿಂತಿದ್ದ ಆ ಕಾರನ್ನು ಅರ್ಧ ಹಿಂಡು ಕುರಿ ಕೊಟ್ಟು ಎಳೆದುಕೊಂಡು ಬಂದಿದ್ದ. ಅವ್ವ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದಳಂತೆ.

ಅಪ್ಪನಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಬಂದಿದ್ದರೂ ಕಾರಿನ ಸ್ಪೀಡು ತೋರಿಸುವ ಮುಳ್ಳು ನಾವು ತರುವ ಮೊದಲೇ ಸತ್ತಿತ್ತು. ಹಾಗಾಗಿ ಅವನು ಗೇರನ್ನು ಜಾಗಗಳಿಗೆ ಕಟ್ಟಿದ್ದ. ಬೀಳಗಿ ರಸ್ತೆಯ ಕ್ರಾಸಿನಿಂದ ನಮ್ಮೂರಿಗೆ ಒಂದೇ ಹಾದಿ, ಕೃಷ್ಣಾ ನದಿಯ ತನಕ ನೆಟ್ಟಗೆ ಇಳಿಯುತ್ತಿತ್ತು. ಕ್ರಾಸಿನಲ್ಲಿ ಒಂದನೇ ಗೇರು. ಬೀರಪ್ಪನ ಗುಡಿ ಬಂದಾಗ ಎರಡನೆಯದು. ಹುಣಸಿಮರಕ್ಕೆ ಮೂರು. ಊರ ಅಗಸಿ, ಅಂದರೆ ನಮ್ಮೂರ ಕಲ್ಲಿನ ಹೆಬ್ಬಾಗಿಲು, ಕಂಡ ಕೂಡಲೇ ಮತ್ತೆ ಎರಡು. ನಾನು ಹಾಗೇ ಕಲಿತೆ. ತಪ್ಪಿದರೆ ತಲೆಗೊಂದು ಬೀಳುತ್ತಿತ್ತು. ಇವತ್ತಿಗೂ ಮಹಾಲಿಂಗಪುರದ ರಸ್ತೆಯಲ್ಲಿ ಗಾಡಿ ಎರಡರಿಂದ ಮೂರಕ್ಕೆ ಹೋಗುವಾಗ ನನ್ನ ಮನಸ್ಸಿನಲ್ಲಿ ಹುಣಸಿಮರ ದಾಟುತ್ತದೆ.

ಆ ಹುಣಸಿಮರ ಈಗ ಇಲ್ಲ. ಆಲಮಟ್ಟಿಯ ಹಿನ್ನೀರು ಬರುವ ಮೊದಲೇ ಕಡಿದರು. ಗುಡಿಯ ದೇವರನ್ನು ಹೊಸ ಊರಿಗೆ ಹೊತ್ತು ತಂದೆವು. ಅಗಸಿಯ ಬಾಗಿಲು, ಮನೆಗಳ ತೊಲೆ, ಜಂತಿ, ಬಳಸಲು ಬರುವ ಕಲ್ಲು ಎಲ್ಲ ಚಕ್ಕಡಿ ಏರಿದವು. ಉಳಿದ ಮಣ್ಣಿನ ಗೋಡೆಗಳನ್ನು ನೀರು ಒಂದೇ ಮಳೆಗಾಲದಲ್ಲಿ ಕರಗಿಸಿತು. ಆಗ ನನ್ನ ಮಗಳಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ಮಗ ಹುಟ್ಟಿದ್ದು ಕ್ರಾಸಿನ ಪಕ್ಕದ ಹೊಸ ಊರಿನಲ್ಲಿ, ತಗಡಿನ ಶೆಡ್ಡಿನಲ್ಲಿ. ಆದರೆ ಹಳೇ ರಸ್ತೆ ಮಾತ್ರ ಹಾಗೇ ಉಳಿದಿತ್ತು. ಅಲ್ಲಿ ಬಸ್ಸಿಲ್ಲ, ಟ್ರಕ್ಕಿಲ್ಲ, ಕಬ್ಬಿನ ಟ್ರ್ಯಾಕ್ಟರಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಷ್ಟೂ ಉದ್ದವಾಗಿ, ಮಳೆಗಾಲದಲ್ಲಿ ಗಿಡ್ಡವಾಗಿ, ಕೊನೆಗೆ ನೀರಿನಲ್ಲಿ ಇಳಿದು ಮುಗಿಯುವ ರಸ್ತೆ. ಸುತ್ತಲಿನ ಹಳ್ಳಿಯವರು ಗಾಡಿ ಕಲಿಯಲು ಅಲ್ಲಿಗೇ ಬರುತ್ತಿದ್ದರು. ನಾನೂ ಅಲ್ಲೇ ಶುರು ಮಾಡಿದೆ.

ಮಗಳಿಗೆ ಹದಿನೆಂಟು, ಮಗನಿಗೆ ಹದಿನಾರು. ಮಗನದು ಲೈಸೆನ್ಸಿನ ವಯಸ್ಸಲ್ಲ ಅಂತ ಹೆಂಡತಿ ಅಡ್ಡ ಬಂದಳು. ನೀರಿಗೆ ಹೋಗುವ ರಸ್ತೆಯಲ್ಲಿ ಪೊಲೀಸರು ಏನು ಮೀನು ಹಿಡಿಯಲು ಬರುತ್ತಾರೆಯೇ ಎಂದು ಅವಳ ಬಾಯಿ ಮುಚ್ಚಿಸಿದೆ.

ಮೊದಲ ದಿನವೇ ಜಗಳ. ಮಗಳು ಕ್ಲಚ್ಚಿನಿಂದ ಕಾಲು ತೆಗೆದರೆ ಕಾರು ಕಪ್ಪೆಯ ಹಾಗೆ ಹಾರಿ ನಿಲ್ಲುತ್ತಿತ್ತು. ಎಂಟು ಸಲ ನಿಂತಿತು. ಒಂಬತ್ತನೇ ಸಲ ಹೊರಟಿತು.

"ಗುಡಿ ಬಂತು, ಎರಡಕ್ಕ ಹಾಕು" ಎಂದೆ.

"ಯಾವ ಗುಡಿ ಅಪ್ಪಾ?"

"ಬೀರಪ್ಪನ ಗುಡಿ!"

"ಅದು ನಮ್ಮ ಮನಿ ಹಿಂದ ಐತೆಲ್ಲ!"

ಹಿಂದಿನ ಸೀಟಿನಲ್ಲಿ ಮಗ ನಕ್ಕ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಕೈ ಚಾಚಿ ಬಲಗಡೆಯ ಬಯಲು ತೋರಿಸಿದೆ. ಅಲ್ಲಿ ಜಾಲಿಯ ಗಿಡಗಳಷ್ಟೇ ಇದ್ದವು. "ಅಲ್ಲಿ ಇತ್ತು. ಅಲ್ಲಿ ಎರಡನೇ ಗೇರು. ಮುಂದ ಹುಣಸಿಮರ ಬರತೈತಿ, ಅದಕ್ಕ ಮೂರು" ಎಂದು ಕೂಗಿದೆ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು, "ಇಲ್ಲದ ಗಿಡ ನಾ ಹೆಂಗ ನೋಡಲಿ?" ಎಂದಳು. ಅವಳು ಹೇಳಿದ್ದು ಖರೆ. ಆದರೆ ನನಗೆ ಬೇರೆ ರೀತಿ ಕಲಿಸಲು ಗೊತ್ತಿರಲಿಲ್ಲ. ನನ್ನ ಹೊಟ್ಟೆಗೇ ಆ ರಸ್ತೆಯ ಏರಿಳಿತ ಗೊತ್ತಿತ್ತು, ಎಲ್ಲಿ ಏನಿತ್ತೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಬರಬರುತ್ತ ಹಾಗೇ ಹೇಳುವ ಪರಿಸ್ಥಿತಿಯೂ ಬಂತು.

ಮಗನ ಕಥೆ ಬೇರೆ. ಅವನು ಸೀಟಿಗೆ ಕೂತ ಮೊದಲ ದಿನವೇ ಆ ಮುದಿ ಕಾರು ಅವನ ಮಾತು ಕೇಳಿತು. ಅವನು ಗುಡಿ ಎಲ್ಲಿ, ಮರ ಎಲ್ಲಿ ಅಂತ ಕೇಳಲೇ ಇಲ್ಲ. ಇಂಜಿನ್ನಿನ ದನಿಗೆ ಕಿವಿ ಕೊಟ್ಟು, ಎರಡು ಬೆರಳಿನಿಂದ ಕಡ್ಡಿ ಸರಿಸುತ್ತಿದ್ದ. ಒಂದಿಷ್ಟೂ ಕರಕರ ಅನ್ನುತ್ತಿರಲಿಲ್ಲ. ವಿಚಿತ್ರ ಅಂದರೆ ಅವನು ಮೂರಕ್ಕೆ ಹಾಕುವ ಜಾಗ ಹುಣಸಿಮರದ ಜಾಗಕ್ಕೆ ಹತ್ತು ಹೆಜ್ಜೆ ಆಚೀಚೆ ಇರುತ್ತಿತ್ತು. ನಮ್ಮಪ್ಪ ಇದ್ದಿದ್ದರೆ ಹೆಗಲ ಮೇಲೆ ಹೊತ್ತುಕೊಂಡು ಕುಣಿಯುತ್ತಿದ್ದ. ನಾನು ಮಾತ್ರ ಹೊಗಳಲಿಲ್ಲ. "ಅಡ್ಡಿ ಇಲ್ಲ" ಎಂದೆ. ರಾತ್ರಿ ಹೆಂಡತಿ ಕಣ್ಣಿಗೆ ಹನಿ ಹಾಕುವಾಗ, ಇನ್ನು ಹೋದರೆ ಹೋಗಲಿ, ಗಾಡಿಗೆ ಕಣ್ಣು ಸಿಕ್ಕವು ಎಂದೆ. ಆ ಮಾತನ್ನು ಅವನಿಗೇ ಹೇಳಬೇಕಾಗಿತ್ತು.

ಜೂನು ಕಳೆದು ಜುಲೈ ಬಂತು. ನಮ್ಮ ಕಡೆ ಒಂದು ಹನಿ ಮಳೆಯಿಲ್ಲ, ಆದರೆ ಮಹಾರಾಷ್ಟ್ರದಲ್ಲಿ ಸುರಿಯುತ್ತಿತ್ತು. ಅಲ್ಲಿ ಸುರಿದದ್ದು ನಾಲ್ಕು ದಿನಕ್ಕೆ ನಮ್ಮ ರಸ್ತೆಯ ಮೇಲೆ ಏರಿ ಬರುತ್ತದೆಂದು ಹಿನ್ನೀರಿನ ಜನಕ್ಕೆಲ್ಲ ಗೊತ್ತು. ನನಗೂ ಗೊತ್ತಿತ್ತು. ಒಂದು ವಾರ ಪಾಠ ಬಿಟ್ಟು, ಆ ದಿನ ಸಂಜೆ ಮತ್ತೆ ಹೊರಟೆವು. ಮೋಡ ಕವಿದಿತ್ತು. ಮಗ ಸ್ಟೇರಿಂಗ್ ಹಿಡಿದಿದ್ದ, ಮಗಳು ಹಿಂದೆ ಕೂತಿದ್ದಳು. ನನಗೆ ಎಲ್ಲವೂ ಬೂದಿಯ ಬಣ್ಣ. ಕೊಳವೆಯೊಳಗಿಂದ ನೋಡಿದ ಹಾಗೆ ಮುಂದೆ ಒಂದು ತುಂಡು ರಸ್ತೆ ಕಾಣುತ್ತಿತ್ತು. ಅಥವಾ ಕಂಡಿತೆಂದು ನಾನು ಅಂದುಕೊಂಡಿದ್ದೆ.

ಅವನು ಮೂರಕ್ಕೆ ಹಾಕಿದ. ಸ್ವಲ್ಪ ಹೊತ್ತಿಗೆ ಆಕ್ಸಿಲರೇಟರಿನಿಂದ ಕಾಲು ತೆಗೆದ.

"ಯಾಕ?" ಎಂದೆ.

"ಅಪ್ಪಾ, ಮುಂದ ನೀರು ಕಾಣಾಕತ್ತೈತಿ."

"ನೀರಲ್ಲ ಅದು, ಡಾಂಬರಿನ ಹೊಳಪು. ಅಗಸಿ ಇನ್ನೂ ಬಂದಿಲ್ಲ. ನಡಿ."

"ಇಲ್ಲಪ್ಪಾ, ಖರೇನ ನೀರು..."

"ನಡೀಲೇ ಅಂದ್ರ! ಈ ರಸ್ತೆ ನನಗ ಹೇಳಿಕೊಡ್ತೀಯೇನ?"

ಅವನು ನಡೆದ. ನನ್ನ ಮಾತು ಮೀರಿ ಅವನಿಗೆ ರೂಢಿಯಿರಲಿಲ್ಲ. ಬದಿಗೆ ನೀರು ಎರಡು ರೆಕ್ಕೆಯಾಗಿ ಎದ್ದಿತು. ಕಾರು ಮೂಗು ತಗ್ಗಿಸಿ, ಎರಡು ಸಲ ಕೆಮ್ಮಿ ಸತ್ತಿತು. ಕಾಲಡಿಯ ತಗಡಿನ ಸಂದಿಯಿಂದ ತಣ್ಣನೆಯ ನೀರು ಏರಿ ನನ್ನ ಮೀನಖಂಡಕ್ಕೆ ಬಂತು. ಆಗ ನಾನು ಅವನ ಕೆನ್ನೆಗೆ ಹೊಡೆದೆ. ಬರೀ ಹೊಡೆಯಲಿಲ್ಲ, "ಕಣ್ಣಿಲ್ಲೇನಲೇ ನಿನಗ?" ಎಂದು ಕೇಳಿದೆ.

ಅವನು ಅಳಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ ಇಟ್ಟುಕೊಂಡೇ ಕೂತಿದ್ದ. ಹಿಂದಿನಿಂದ ಮಗಳು ಬಹಳ ಮೆತ್ತಗೆ, "ಅಪ್ಪಾ, ನಿನಗ ಕಾಣೂದಿಲ್ಲೇನು?" ಎಂದಳು. ನಾನು ಬಾಗಿಲು ದೂಡಿ ನೀರಿಗಿಳಿದೆ.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತೇನೋ. ಅನಗವಾಡಿಯ ಕಡೆಯಿಂದ ಒಬ್ಬರು ಟ್ರ್ಯಾಕ್ಟರು ತಂದು ಹಗ್ಗ ಕಟ್ಟಿ ಎಳೆದರು. ಎಳೆಯುತ್ತ, "ಏನಾತ್ರೀ ಯಜಮಾನ್ರ, ಇಷ್ಟ ವರ್ಷದ ಡ್ರೈವರು ನೀವು" ಎಂದು ನಕ್ಕರು. ನಾನೂ ನಕ್ಕು, "ಹುಡುಗ ಮುಂದ ನೋಡದ ಓಡಿಸಿಬಿಟ್ಟಾನ್ರೀ" ಎಂದೆ. ನನ್ನ ಕಣ್ಣಿನ ಸುದ್ದಿ ಹೊರಗೆ ಬಿದ್ದರೆ ಇದ್ದ ಬಾಡಿಗೆಯೂ ಹೋಗುತ್ತದೆ ಅಂತ ಹೇಳಿದೆನೋ, ನಾಚಿಕೆಗೆ ಹೇಳಿದೆನೋ, ಎಷ್ಟು ವಿಚಾರ ಮಾಡಿದರೂ ತಿಳಿಯದು. ಮಗ ಮೊಣಕಾಲು ನೀರಿನಲ್ಲಿ ನಿಂತು ಬಂಪರು ದೂಡುತ್ತಿದ್ದ. ಅವನಿಗೆ ಕೇಳಿಸಿತು. ನನ್ನ ಕಡೆ ಒಮ್ಮೆ ನೋಡಿದ ಅಂತ ಮಗಳು ಆಮೇಲೆ ಹೇಳಿದಳು. ನನಗೆ ಆ ನೋಟ ಕಾಣಲಿಲ್ಲ.

ಅವತ್ತಿನಿಂದ ಅವನು ಆ ಕಾರಿನ ಬಾಗಿಲು ಮುಟ್ಟಲಿಲ್ಲ. ಸಿಟ್ಟು ಮಾಡಲಿಲ್ಲ, ಎದುರು ಮಾತಾಡಲಿಲ್ಲ, ಹೇಳಿದ ಕೆಲಸ ಮಾಡಿದ. ಎಲ್ಲಾದರೂ ಹೊರಟಾಗ ಕರೆದರೆ, "ನಾ ಬಸ್ಸಿಗೆ ಬರ್ತೇನಿ" ಎನ್ನುತ್ತಿದ್ದ. ಅವನ ಚಿಕ್ಕಪ್ಪನ ಮದುವೆಗೆ ಮನೆಮಂದಿಯೆಲ್ಲ ಕಾರಿನಲ್ಲಿ ಹುನ್ನೂರಿಗೆ ಹೋದರೆ ಅವನು ಜಮಖಂಡಿಯಲ್ಲಿ ಬಸ್ಸು ಬದಲಿಸಿ ನಮಗಿಂತ ಎರಡು ತಾಸು ತಡವಾಗಿ ಬಂದ. ಈಗ ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ದೊಡ್ಡ ಯಂತ್ರಗಳ ದನಿ ಕೇಳಿಯೇ ಎಲ್ಲಿ ಕೆಟ್ಟಿದೆ ಹೇಳುತ್ತಾನಂತೆ. ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಬಂದಾಗಲೆಲ್ಲ ನಾನು ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತೇನೆ. ತಪ್ಪು ನಂದು, ಕಣ್ಣು ನನಗ ಇರಲಿಲ್ಲ, ಇಷ್ಟೇ ಮಾತು. ಅವನ ಹೆಜ್ಜೆ ಸಪ್ಪಳ ಹೊಸ್ತಿಲಿಗೆ ಬಂದ ಕೂಡಲೇ ನನ್ನ ಬಾಯಿಂದ "ಊಟ ಆತೇನು?" ಅಂತ ಬರುತ್ತದೆ. "ಆತಪ್ಪಾ" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಗಂಡಸಾಗಿ ಇಷ್ಟು ಹೇಡಿಯಾಗಿದ್ದಕ್ಕೆ ನನಗೆ ನನ್ನ ಮೇಲೇ ಅಸಹ್ಯ ಬರುತ್ತದೆ.

ಮಗಳು ಕಲಿತಳು. ನನ್ನಿಂದಲ್ಲ. ತಮ್ಮನೇ ಅಂಗಳದಲ್ಲಿ ಕಾರಿನ ಹೊರಗೆ ನಿಂತು, ಅದರ ಜೊತೆಜೊತೆಗೆ ನಡೆಯುತ್ತ, ಅವಳಿಗೆ ಕಲಿಸಿದ. "ಅಕ್ಕಾ, ಅಪ್ಪ ಹೇಳಿದ್ದು ಬಿಡು. ಇಂಜಿನ್ನ ಏನ ಹೇಳತೈತಿ ಅದನ್ನ ಕೇಳು" ಎನ್ನುವುದು ಒಳಗೆ ಮಂಚದ ಮೇಲೆ ಕೂತ ನನಗೆ ಕೇಳುತ್ತಿತ್ತು. ಒಳಗೆ ಬಂದು ಕೂಡೋ ಅಂತ ಅವಳು ಒಮ್ಮೆ ಕರೆದಳು. ಅವನು ಕೂಡಲಿಲ್ಲ.

ಹೋದ ಬೇಸಿಗೆಯಲ್ಲಿ ನನಗೆ ಬೆಳಕು ಮತ್ತು ಕತ್ತಲೆ ಎರಡೇ ಉಳಿದಿದ್ದವು. ನೀರು ಬಹಳ ಹಿಂದೆ ಸರಿದಿದೆ, ರಸ್ತೆ ದೂರದವರೆಗೂ ಒಣಗಿದೆ ಎಂದು ಜನ ಮಾತಾಡುತ್ತಿದ್ದರು. ಒಮ್ಮೆ ಹಳೇ ಊರತನಕ ಕರಕೊಂಡು ಹೋಗು ಎಂದು ಮಗಳಿಗೆ ಗಂಟುಬಿದ್ದೆ. ನೋಡಲು ಏನೂ ಇಲ್ಲ ಎಂದಳು. ನೋಡಲಿಕ್ಕಲ್ಲ, ಕೂಡಲಿಕ್ಕೆ ಎಂದೆ. ಸಂಜೆ ಬಿಸಿಲು ಇಳಿದ ಮೇಲೆ ಹೊರಟೆವು.

ಕ್ರಾಸಿನಲ್ಲಿ ಒಂದನೇ ಗೇರು ಬಿತ್ತು. ನಾನು ಮನಸ್ಸಿನಲ್ಲಿ ಗುಡಿಗೆ ಕಾಯುತ್ತಿದ್ದೆ. ಆದರೆ ಅವಳು ಅದಕ್ಕೂ ಮೊದಲೇ ಎರಡಕ್ಕೆ ಹಾಕಿದಳು. ತಗ್ಗು ಬಂದಾಗ ಒಂದಕ್ಕೆ ಇಳಿಸಿದಳು, ಮತ್ತೆ ಏರಿಸಿದಳು. ಗೇರು ಬೆಣ್ಣೆಯಂತೆ ಬೀಳುತ್ತಿದ್ದವು. ನನ್ನ ಲೆಕ್ಕ ಮಾತ್ರ ತಪ್ಪಿತು. ಡಾಂಬರು ಕಿತ್ತುಹೋಗಿ, ಏರಿಳಿತ ಬದಲಾಗಿ, ಹೊಟ್ಟೆಗೂ ಏನೂ ತಿಳಿಯಲಿಲ್ಲ. ಗುಡಿ ದಾಟಿತೋ ಇಲ್ಲವೋ. ಮರ ಬಂತೋ ಇಲ್ಲವೋ. ಹುಟ್ಟಿದ ಊರಿನ ಹಾದಿಯಲ್ಲಿ ನಾನು ದಾರಿ ತಪ್ಪಿದವನ ಹಾಗೆ ಕೂತಿದ್ದೆ. ಹೆದರಿಕೆಯಾಯಿತು. ಕೈ ಚಾಚಿ ಡ್ಯಾಶಿನ ತಗಡು ಹಿಡಿದುಕೊಂಡೆ.

"ಎಲ್ಲಿ ಅದೇವಿ ನಾವು?" ಎಂದು ಕೇಳಿದೆ. "ಹುಣಸಿಮರ ದಾಟಿತೇನು?"

"ನನಗ ಹುಣಸಿಮರ ಗೊತ್ತಿಲ್ಲಪ್ಪಾ."

"ಅಗಸಿ?"

"ಅದೂ ಗೊತ್ತಿಲ್ಲ."

"ಏನರೆ ಒಂದು ಗುರ್ತು ಹೇಳ ಮಗಳ. ಎಲ್ಲಿ ಅದೇವಿ?"

ಅವಳು ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದಳು. ಆಮೇಲೆ, ಸಿಟ್ಟೂ ಇಲ್ಲದ, ವ್ಯಂಗ್ಯವೂ ಇಲ್ಲದ ದನಿಯಲ್ಲಿ, ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದಳು:

"ನೀ ತಮ್ಮಗ ಹೊಡದಿದ್ದೆಲ್ಲ, ಅಲ್ಲೆ."

ನನಗೆ ಜಾಗ ತಕ್ಷಣ ಗೊತ್ತಾಯಿತು.