ಎರಡೇ ಸೀಟಿನ ಕಾರು

ಹರಪನಹಳ್ಳಿಯಲ್ಲಿ ನಮ್ಮದು ತುಂಬಿದ ಮನೆ. ಮದುವೆಯಾದಾಗಿನಿಂದ ನಾನೂ ನನ್ನ ಹೆಂಡತಿಯೂ ಇಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಮೈಲಾರಕ್ಕೆ ಹೊರಟರೆ ಸಾಕು, "ನಾವೂ ಬರ್ತೀವಿ" ಎಂದು ಅಣ್ಣ ಜೀಪು ತೆಗೆಯುತ್ತಾನೆ. ಅತ್ತಿಗೆ, ಮಕ್ಕಳು, ಬುತ್ತಿಗಂಟು ಎಲ್ಲ ಹತ್ತಿದ ಮೇಲೆ ನಾನು ಮುಂದೆ, ಅವಳು ಹಿಂದೆ ಎಲ್ಲೋ. ಅದಕ್ಕೇ ನಾನು ಹಳೇ ಸ್ಪೋರ್ಟ್ಸ್ ಕಾರು ಕೊಂಡದ್ದು. ಊರವರು ಶೋಕಿ ಎಂದರು. ಎನ್ನಲಿ. ಅದರಲ್ಲಿ ಇರುವುದೇ ಎರಡು ಸೀಟು.

"ನಾವಿಬ್ಬರೇ ಮೈಲಾರಕ್ಕ ಹೋಗೋಣು," ಎಂದೆ.

"ಮೊದಲು ಇದು ಓಣಿ ದಾಟ್ಲಿ," ಎಂದಳು.

ಅವಳ ಬಾಯಿಗೆ ಏನೆನ್ನಬೇಕೋ! ಓಣಿಯ ತಿರುವಿನಲ್ಲೇ ಕಾರು ಹೊಗೆ ಉಗುಳಿ ನಿಂತಿತು. ಎಂಜಿನ್ನಿನ ಗ್ಯಾಸ್ಕೆಟ್ ಸುಟ್ಟು, ಆಯಿಲಿಗೆ ನೀರು ಸೇರಿ ಮಜ್ಜಿಗೆಯಾಗಿತ್ತು. ದಾವಣಗೆರೆಗೆ ಎಳೆಸಿಕೊಂಡು ಹೋದರೆ ಗ್ಯಾರೇಜಿನವನು, "ಬಿಟ್ಟು ಹೋಗ್ರಿ, ಯಾವಾಗ ಆಗ್ತತೋ ಹೇಳಾಕಾಗಲ್ಲ" ಎಂದು ಆಕಳಿಸಿದ. ನನಗೆ ಮೈಯೆಲ್ಲ ಉರಿಯಿತು. ಮೆಕ್ಕೆಜೋಳ ಬಿಡಿಸುವ ಮಷಿನ್ನಿನ ಎಂಜಿನ್ನನ್ನು ಪ್ರತಿ ಸುಗ್ಗಿಗೂ ಬಿಚ್ಚಿ ಜೋಡಿಸುವವನು ನಾನು. ನನಗೆ ಇದ್ಯಾವ ಮಹಾ? ಕಾರನ್ನು ಮನೆಗೇ ವಾಪಸು ಎಳೆಸಿದೆ.

ಅಂಗಳದ ಒಂದು ಬದಿ ಮೆಕ್ಕೆಜೋಳ ಒಣಗುತ್ತಿತ್ತು, ಇನ್ನೊಂದು ಬದಿ ನನ್ನ ಎಂಜಿನ್ನು. ಹೊಟ್ಟು ಹಾರಿ ಒಳಗೆ ಬೀಳಬಾರದೆಂದು, ಕಾಳು ಬಿಡಿಸಿದ ಬೆಂಡುಗಳನ್ನೇ ಎಂಜಿನ್ನಿನ ತೂತುಗಳಿಗೆಲ್ಲ ಬಿರಡೆಯಂತೆ ತುರುಕಿದೆ. ಎಂಥ ತಲೆ ನನ್ನದು ಎಂದು ಬೀಗಿದೆ ಕೂಡ. ರೊಟ್ಟಿ ಬಡಿಯುವುದು ಮುಗಿದ ಮೇಲೆ ಅವಳು ಬಂದು, ಮೊಬೈಲಿನಲ್ಲಿ ರಿಪೇರಿಯ ವಿಡಿಯೋ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಕೇಳಿದಾಗ ನಟ್ಟು ಬಿಗಿಯುವ ಪಾನಾ ಕೊಡುತ್ತಿದ್ದಳು, ಕೇಳದೆಯೂ ಸಲಹೆ ಕೊಡುತ್ತಿದ್ದಳು.

ಹೊಸ ಗ್ಯಾಸ್ಕೆಟ್ ಹಾಕಿ, ಎಲ್ಲ ಜೋಡಿಸಿ ಕೀಲಿ ತಿರುವಿದೆ. ಕೆಮ್ಮಿತು, ನಡುಗಿತು, ನಿಂತಿತು.

"ಬೆಂಡು ಎಲ್ಲಾ ತೆಗ್ದೀರೇನ್ರಿ?"

"ನನಗ ಅಷ್ಟೂ ಗೊತ್ತಾಗಲ್ಲೇನು?" ಎಂದು ಹರಿಹಾಯ್ದೆ.

ಬಿಚ್ಚಿ ನೋಡಿದರೆ, ಗಾಳಿ ಎಳೆಯುವ ಕೊಳವೆಯಲ್ಲಿ ಒಂದು ಬೆಂಡು ಸುಖವಾಗಿ ಕೂತಿತ್ತು. ಅವಳು ನನ್ನೆದುರು ನಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕಳು. ಓಣಿಗೆಲ್ಲ ಕೇಳಿಸಿತು.

ಕೊನೆಗೂ ಒಂದು ಬೆಳಗ್ಗೆ ಹೊರಟೆವು, ಇಬ್ಬರೇ. ಹಡಗಲಿ ದಾಟುವಾಗ ಅವಳು ಕಿಟಕಿಯಿಂದ ಕೈ ಹೊರಗಿಟ್ಟು ಗಾಳಿ ಹಿಡಿಯುತ್ತಿದ್ದಳು. ಹಿರೇಹಡಗಲಿ ದಾಟಿದ್ದೇ ತಡ, ಬಾನೆಟ್ಟಿನಿಂದ ಬುಸ್ಸೆಂದು ಉಗಿ ಎದ್ದಿತು. ನೀರಿನ ಪೈಪಿನ ಕ್ಲಿಪ್ಪು ನಾನು ಬಿಗಿ ಮಾಡಿದ್ದು ಸಾಲದೆ ಸಡಿಲಾಗಿತ್ತು. ಬಿಗಿಯಲು ಪಾನಾ ಬೇಕು, ಪಾನಾಗಳೆಲ್ಲ ಅಂಗಳದಲ್ಲೇ ಬಿದ್ದಿದ್ದವು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಹಿಂದಿನಿಂದ ಅಣ್ಣನ ಜೀಪು.

"ನೀವು ಹೊಂಟಿದ್ದು ನೋಡಿ ನಾವೂ ಹೊಂಟ್ವಿ. ಹತ್ತು ಬಾರಲೇ, ಜಾಗ ಐತಿ," ಎಂದ ಅಣ್ಣ.

ಇನ್ನೇನು ಮಾಡಲಿ? ಇಳಿಯಲಿ ಎಂದು ಅವಳ ಕಡೆಯ ಬಾಗಿಲು ತೆಗೆದೆ. ಅವಳು ಸೀಟಿನಿಂದ ಅಲುಗಲಿಲ್ಲ.

"ನೀವು ಮುಂದ ನಡೀರಿ, ಭಾವ. ನಮಗ ಅವಸರ ಇಲ್ಲ."

ಜೀಪಿನ ಧೂಳು ಅಡಗುವ ತನಕ ಕಾದು ಅವಳು ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಅದರ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ನನ್ನ ಪಾನಾಗಳು. ನಾನು ಅವಸರದಿಂದ ಕೈ ಹಾಕಿದರೆ ಅವಳು ಬಟ್ಟೆಯ ಗಂಟನ್ನು ಮಡಿಲಿಗೆಳೆದುಕೊಂಡಳು.

"ಮೊದಲು ಉಣ್ರಿ," ಎಂದಳು. "ರಿಪೇರಿ ಸಾವಕಾಶ ಮಾಡ್ರಿ."