ಹಡಗು ಮುಟ್ಟುವವರೆಗೆ

ಎದುರುಮನೆಯ ಅತ್ತೆಯ ಬಲಗೈ ಹೆಬ್ಬೆರಳು ಸದಾ ಅರಿಶಿನದಿಂದ ಹಳದಿಯಾಗಿರುತ್ತಿತ್ತು. ಉಗುರಿನ ಒಂದು ಬದಿ ಎಂದೋ ಈಳಿಗೆಗೆ ಸಿಕ್ಕು ಸೀಳಿ, ಹಾಗೇ ಬೆಳೆದಿತ್ತು. ಆ ಹೆಬ್ಬೆರಳನ್ನು ಅವರು ಫೋನಿನ ಹವಾಮಾನ ನಕ್ಷೆಯ ಮೇಲೆ ಊರಿದರೆಂದರೆ ಒಮಾನಿನಿಂದ ಲಂಕೆಯವರೆಗಿನ ಸಮುದ್ರ ಪೂರ್ತಿ ಮುಚ್ಚಿಹೋಗುತ್ತಿತ್ತು.

"ಇವತ್ತು ಕೆಂಪಗೈತೋ ಹಸರಗೈತೋ ನೋಡವಾ."

"ಮೊದಲು ಕೈ ತಗೀರಿ ಅತ್ತಿ. ನೀವು ಸಮುದ್ರದ ಮ್ಯಾಲ ಕುಂತ್ರ ನಾ ಏನ್ ನೋಡ್ಲಿ?"

ಪಾರ್ವತಿನಗರದ ನಮ್ಮ ಬೀದಿಯಲ್ಲಿ ದಿನ ಬೆಳಗಾಗುತ್ತಿದ್ದುದೇ ಹೀಗೆ. ನಾನು ಶಾಲೆಗೆ ಪಾಠ ಹೇಳಲು ಹೊರಡುವ ಅವಸರದಲ್ಲಿರುತ್ತಿದ್ದೆ. ನಕ್ಷೆ ಇಂಗ್ಲಿಷಿನದು, ಗಾಳಿ ಜೋರಿದ್ದಲ್ಲಿ ಕೆಂಪು, ಶಾಂತವಿದ್ದಲ್ಲಿ ಹಸಿರು; ಅವರು ಗೇಟಿಗೆ ಅಡ್ಡ ನಿಂತು ಗಾಳಿ ಎಷ್ಟು, ಅಲೆ ಎಷ್ಟೆತ್ತರ ಎಂದು ಓದಿಸಿಕೊಂಡೇ ದಾರಿ ಬಿಡುತ್ತಿದ್ದರು. ಬಳ್ಳಾರಿಯ ಬಿಸಿಲಲ್ಲಿ ಸಮುದ್ರದ ಹವಾಮಾನ ಕೇಳುವ ಒಂದೇ ಒಂದು ಮನೆ ಇದ್ದಿದ್ದರೆ ಅದು ಅವರದು. ಒಬ್ಬನೇ ಮಗ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ.

ಅತ್ತೆ ಕುರುಗೋಡಿನಲ್ಲಿ ಹುಟ್ಟಿ ಸಿರುಗುಪ್ಪದ ಭತ್ತದ ಗದ್ದೆಯವರ ಮನೆಗೆ ಸೊಸೆಯಾಗಿ ಹೋದವರು. ಗಂಡ ತೀರಿದ ಮೇಲೆ ಮಗನ ಓದಿಗೆಂದು ಬಳ್ಳಾರಿ ಸೇರಿದರು. ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಅವರಿಗೆ ನೀರೆಂದರೆ ತುಂಗಭದ್ರೆಯ ಕಾಲುವೆ. ಮೂರು ಮೀಟರಿನ ಅಲೆ ಎಂದು ನಾನು ಮೊದಲ ಸಲ ಓದಿ ಹೇಳಿದಾಗ ತಮ್ಮ ಮನೆಯ ಮಾಳಿಗೆಯನ್ನೊಮ್ಮೆ ತಲೆಯೆತ್ತಿ ನೋಡಿ, "ಅಷ್ಟು ನೀರು ಬಂದ್ರ ಯಾರರ ಹೋಗಿ ಗೇಟ್ ಇಳಸಬೇಕಲ್ಲ, ಅಲ್ಲಿ ಮಂದಿ ಏನ್ ಮಾಡ್ತಿರ್ತಾರ?" ಎಂದು ಗಾಬರಿಯಿಂದ ಕೇಳಿದ್ದರು. ನಾನು ನಕ್ಕೆ. ಅವರು ನಗಲಿಲ್ಲ.

ಮಗನನ್ನು ಆ ಕೆಲಸಕ್ಕೆ ನೂಕಿದವರೂ ಅವರೇ. ಅವನು ಹಿಂದೆ ಮುಂದೆ ನೋಡುತ್ತಿದ್ದಾಗ, "ಗಾಳಿ ಬಂದಾಗ ತೂರಿಕೋಬೇಕಲೇ" ಎಂದು ಬೆನ್ನು ತಟ್ಟಿ ಕಳಿಸಿದ್ದರಂತೆ. ಆಮೇಲೆ ಗಾಳಿ ಎಂಬ ಮಾತು ಕೇಳಿದರೇ ಮುಖ ಸಣ್ಣದಾಗುತ್ತಿತ್ತು. ಮುಂಗಾರು ಜೋರಾದರೆ ಸಿರುಗುಪ್ಪದ ಮೈದುನ ಖುಷಿಯಿಂದ ಫೋನ್ ಮಾಡುತ್ತಿದ್ದ: ಡ್ಯಾಮ್ ತುಂಬುತ್ತಿದೆ, ಈ ಸಲ ಕಾಲುವೆಗೆ ಬೇಗ ನೀರು ಬಿಡುತ್ತಾರೆ. ಅತ್ತೆ ಹೂಂ ಎನ್ನುತ್ತಿದ್ದರು, ಫೋನಿಟ್ಟು ಬೈಯುತ್ತಿದ್ದರು. "ಇವರ ಗದ್ದಿಗೆ ನೀರು ತರೋ ಗಾಳಿನ ಅಲ್ಲೇನು, ಸಮುದ್ರದಾಗ ನನ್ನ ಮಗನ್ನ ಉಳ್ಳಾಡಸಾಕ ಹತ್ತಿದ್ದು?" ಮಾತು ಸುಳ್ಳಲ್ಲ.

ನಮ್ಮ ಕಡೆ ಒಂದು ಪದ್ಧತಿಯಿದೆ. ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಮುಟ್ಟಿದ ಸುದ್ದಿ ಬರುವವರೆಗೆ ಮನೆಯ ಹೆಂಗಸರು ಕಸ ಗುಡಿಸುವುದಿಲ್ಲ, ತಲೆಗೆ ಎರೆದುಕೊಳ್ಳುವುದಿಲ್ಲ. ಹೊಸಪೇಟೆಗೋ ರಾಯಚೂರಿಗೋ ಹೋದವರ ವಿಷಯದಲ್ಲಿ ಇದೇನು ದೊಡ್ಡ ಮಾತಲ್ಲ, ಮಧ್ಯಾಹ್ನದೊಳಗೆ ಮುಗಿಯುತ್ತದೆ. ಅತ್ತೆ ಇದನ್ನು ಹಡಗಿಗೂ ಹಚ್ಚಿದರು. ಹಡಗು ಒಂದು ಬಂದರು ಬಿಟ್ಟು ಇನ್ನೊಂದು ಬಂದರು ಮುಟ್ಟುವವರೆಗೆ, ವಾರವಾಗಲಿ, ಮೂರು ವಾರವಾಗಲಿ, ತಲೆಗೆ ನೀರಿಲ್ಲ. ಕಸದ ವಿಷಯದಲ್ಲಿ ಮಾತ್ರ ಸ್ವಲ್ಪ ರಾಜಿಯಾಗಿದ್ದರು. ಕೆಲಸದವಳು ಗುಡಿಸಿದರೆ ಅದು ಲೆಕ್ಕಕ್ಕಿಲ್ಲವಂತೆ. ನಮ್ಮ ಏಪ್ರಿಲ್ ಬಿಸಿಲಿಗೆ ಬೆವೆತು, ನೆತ್ತಿ ಕೆರೆದುಕೊಳ್ಳುತ್ತ, ಹೆರಳನ್ನು ಬಿಗಿದು ಕಟ್ಟಿಕೊಂಡು ಓಡಾಡುತ್ತಿದ್ದರು. ಎಂದಾದರೊಂದು ದಿನ ಬೀದಿಯಲ್ಲಿ ಸೀಗೆಕಾಯಿಯ ವಾಸನೆ ಬಂದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ತರಕಾರಿ ಗಾಡಿಯವನು ಸಹ ಅವರು ಕೂದಲು ಒಣಗಿಸುತ್ತಿದ್ದ ಮಾಳಿಗೆಯತ್ತ ನೋಡಿ ಕೂಗುತ್ತಿದ್ದ: "ಯಾವ ಬಂದರಮ್ಮಾ ಇವತ್ತು?"

ಒಂದು ವರ್ಷ ದೀಪಾವಳಿಯ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿತು. ಮಗನ ಹಡಗು ಕೊಲ್ಲಿ ದೇಶದಿಂದ ಕೊಲಂಬೊ ಕಡೆಗೆ ಹೊರಟಿತ್ತು. ಅವನ ಮೆಸೇಜು ನಿಂತುಹೋಗಿತ್ತು. ಫೋನಿನ ನಕ್ಷೆಯಲ್ಲಿ ಕೆಂಪು ಸುಳಿಯೊಂದು ತಿರುಗುತ್ತಿತ್ತು, ಅತ್ತೆ ಅದರ ಮೇಲೆ ಹೆಬ್ಬೆರಳಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತರು. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆಂದು ಕುರುಗೋಡಿನಿಂದ ಅವರ ಅಕ್ಕ ಬಂದಿದ್ದರು. ಆ ದೊಡ್ಡಮ್ಮ ಮಹಾ ಗಟ್ಟಿ ಹೆಂಗಸು. ಎಣ್ಣೆಬಟ್ಟಲು ಹಿಡಿದು ತಂಗಿಯ ಎದುರಿಗೇ ನಿಂತರು.

"ಹಬ್ಬದ ದಿನ ಎರಕೊಳ್ಳದಿದ್ರ ಮನಿಗೆ ದರಿದ್ರ ಬರತೈತಿ, ಏಳು."

"ಬರ್ಲಿ. ಬಂದು ಬೇಕಾದ್ರ ಇಲ್ಲೇ ಕುಂದರಲಿ. ನನ್ನ ಮಗ ಮುಟ್ಟೋತನ ನಾ ಏಳಾಂಗಿಲ್ಲ."

"ನೀ ತಲಿ ಎರಕೊಂಡ್ರ ಅಲ್ಲಿ ಹಡಗು ಮುಳುಗತೈತೇನು? ಹುಚ್ಚಿ!"

ಅತ್ತೆ ಏಳಲಿಲ್ಲ. ಬೀದಿಯ ಮಕ್ಕಳೆಲ್ಲ ಹೊಸ ಅಂಗಿ ಹಾಕಿಕೊಂಡು ಪಟಾಕಿ ಹೊಡೆಯುತ್ತಿದ್ದರೆ ಇವರು ಜಿಡ್ಡುಗಟ್ಟಿದ ತಲೆಯಲ್ಲಿ ಆರತಿಗೂ ಕೂರಲಿಲ್ಲ. ಅಕ್ಕ ತಂಗಿ ಮಾತು ಬಿಟ್ಟರು. ದೊಡ್ಡಮ್ಮ ಹಬ್ಬದೂಟವನ್ನೂ ಮಾಡದೆ ಕುರುಗೋಡಿನ ಬಸ್ಸು ಹತ್ತಿದರು.

ಕೊನೆಗೆ ಮಗನ ಸುದ್ದಿ ಬಂತು. ಚಂಡಮಾರುತದ ಸೂಚನೆ ಸಿಕ್ಕ ಕೂಡಲೇ ಕಪ್ತಾನ ಹಡಗನ್ನು ದೂರ ದಕ್ಷಿಣಕ್ಕೆ ತಿರುಗಿಸಿ ಬಳಸಿಕೊಂಡು ಒಯ್ದಿದ್ದನಂತೆ. ಅಲೆಗೆ ವಾಂತಿಯಾಗಿ ಸುಸ್ತಾದದ್ದು ಬಿಟ್ಟರೆ ಮಗನಿಗೇನೂ ಆಗಿರಲಿಲ್ಲ. ಅತ್ತೆ ತಲೆಗೆ ಎರೆದುಕೊಂಡು ಬಿಸಿಲಿಗೆ ಕುಳಿತಿದ್ದರು. ಸಮಾಧಾನವಾಗಿರಬೇಕೆಂದು ಮಾತಾಡಿಸಲು ಹೋದರೆ ಅಳುತ್ತಿದ್ದರು.

"ಅಲ್ಲಿ ಅವನ ಇರಲಿಲ್ಲ ನೋಡವಾ. ಇಷ್ಟ ದಿನ ನಾ ಖಾಲಿ ನೀರಿಗೆ ಕಾವಲು ಕುಂತಿದ್ನಿ."

ಅವರ ಮೇಲೆ ನನಗೆ ಎಷ್ಟು ಪ್ರೀತಿಯಿತ್ತೆಂದು ಗೊತ್ತಾದದ್ದು ಅವತ್ತು. ಹಡಗು ಎಲ್ಲಿದೆಯೆಂದು ತೋರಿಸುವ ಇನ್ನೊಂದು ಆ್ಯಪನ್ನು ಅವರ ಫೋನಿಗೆ ಹಾಕಿಕೊಟ್ಟೆ. ಅದೂ ಅಷ್ಟಕ್ಕಷ್ಟೇ, ದಡದ ಹತ್ತಿರ ಬಂದರೆ ಗುರುತು ಕಾಣುತ್ತಿತ್ತು, ನಡುನೀರಿಗೆ ಹೋದರೆ ಮಾಯ.

ನನ್ನ ಹೆತ್ತ ತಾಯಿ ಬೇಗ ಹೋದಳು. ಗಂಡನ ಮನೆಯಲ್ಲಿ ನಾನು ಎಲ್ಲಿಗೆ ಹೋದರೂ ಯಾರೂ ಕೇಳುವವರಿಲ್ಲ, ಅದನ್ನೇ ಸ್ವಾತಂತ್ರ್ಯವೆಂದುಕೊಂಡಿದ್ದೆ. ಒಮ್ಮೆ ತರಬೇತಿಗೆಂದು ಧಾರವಾಡಕ್ಕೆ ಹೋದವಳು ಫೋನ್ ಮಾಡುವುದನ್ನು ಮರೆತೆ. ಮೂರನೆಯ ದಿನ ಹಿಂತಿರುಗಿದಾಗ ಅತ್ತೆ ಗೇಟಿನಲ್ಲೇ ಹಿಡಿದರು: "ಮುಟ್ಟೀನಿ ಅಂತ ಹೇಳಾಕ ನಿನಗೇನ್ ಧಾಡಿ? ನನ್ನ ಮಗ ಬಂದರದಾಗ ಅದಾನ, ಆದ್ರೂ ನಿನ್ನ ಸಲುವಾಗಿ ಎರಕೊಳ್ದ ಕುಂತೀನಿ." ಬೈಸಿಕೊಂಡು ಇಷ್ಟು ಸುಖಪಟ್ಟದ್ದು ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಈ ವರ್ಷ ಚಳಿಗಾಲದ ಕೊನೆಗೆ ಅವರಿಗೆ ಜ್ವರ ಬಂತು. ಜ್ವರ ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸಿದೆವು. ಹಳೆಯ ಮುನಿಸು ಮರೆತು ದೊಡ್ಡಮ್ಮ ಕುರುಗೋಡಿನಿಂದ ಬಂದು ಪಕ್ಕದಲ್ಲೇ ಕುಳಿತರು. ಮಗನ ಹಡಗು ಆಫ್ರಿಕಾದ ಕಡೆಗೆ ಹೊರಟಿತ್ತು. ಕಂಪನಿಗೆ ಹೇಳಿ ಅವನಿಗೆ ಸುದ್ದಿ ಮುಟ್ಟಿಸುತ್ತೇನೆಂದೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ಬ್ಯಾಡ. ನಡುನೀರಾಗ ಅದಾನ. ಇಳದು ಬರಾಕ ಆಗತೈತೇನು ಅವಗ? ಅಲ್ಲೇ ಒಬ್ಬನ ಕುಂತು ಅಳತಾನ. ಬಂದರ ಮುಟ್ಟಲಿ, ಆಮ್ಯಾಲ ಹೇಳು. ನನ್ನಾಣಿ ಐತಿ."

ನಾನು ಒಪ್ಪಿದೆ. ವಾಸಿಯಾಗಿ ಬಂದೇ ಬರುತ್ತಾರೆಂಬ ಧೈರ್ಯದಲ್ಲಿ ಒಪ್ಪಿದ್ದು. ಎರಡು ದಿನ ಕಳೆದ ಮೇಲೆ ಬೆಳಗಿನ ಹೊತ್ತು ಅವರು ಹೋಗಿಬಿಟ್ಟರು. ಆ ದಿನ ನಕ್ಷೆಯಲ್ಲಿ ಸಮುದ್ರ ಪೂರ್ತಿ ಹಸಿರಾಗಿತ್ತು, ಎಲ್ಲೂ ಒಂದು ಕೆಂಪು ಚುಕ್ಕೆಯಿಲ್ಲ. ನನಗೆ ಆ ಹಸಿರಿನ ಮೇಲೆಯೇ ಸಿಟ್ಟು ಬಂತು.

ಸಿರುಗುಪ್ಪದ ಗದ್ದೆಯಲ್ಲೇ ಮಣ್ಣು ಮಾಡುವುದೆಂದಾಯಿತು. ಒಯ್ಯುವ ಮೊದಲು ಹೆಂಗಸರು ಹಿತ್ತಲಲ್ಲಿ ಸ್ನಾನ ಮಾಡಿಸಲು ಕೂರಿಸಿದರು. ಹೆರಳು ಬಿಚ್ಚಿ ತಂಬಿಗೆಯೆತ್ತಿದ ದೊಡ್ಡಮ್ಮ ಹಾಗೇ ನಿಂತರು. ನನ್ನ ಕಡೆ ತಿರುಗಿ ಕೇಳಿದರು:

"ಹಡಗ ಮುಟ್ಟೇತೇನು?"

ಅತ್ತೆಯ ಫೋನ್ ನನ್ನ ಕೈಯಲ್ಲೇ ಇತ್ತು. ನೋಡಿದೆ, ಹಡಗಿನ ಗುರುತು ಮೂಡಿರಲಿಲ್ಲ. "ಇಲ್ಲ ದೊಡ್ಡವ್ವ. ಇನ್ನೂ ನೀರಾಗ ಐತಿ."

"ಹಂಗಾದ್ರ ತಲಿ ಬಿಟ್ಟು ಕೊಳ್ಳಿನ ಕೆಳಗ ಎರೀರಿ."

ಹಾಗೆಲ್ಲ ಮಾಡಬಾರದೆಂದು ಯಾರೋ ಗೊಣಗಿದರು. "ನಮ್ಮ ತಂಗಿ ತಲಿ ಅದು. ನಾ ಹೇಳಾಕ ಹತ್ತೀನಿ" ಎಂದು ದೊಡ್ಡಮ್ಮ ಗದರಿದರು. ಬಿಚ್ಚಿದ ಹೆರಳನ್ನು ತಾವೇ ಮತ್ತೆ ಬಿಗಿದು ಕಟ್ಟಿ, ಹಣೆಗೆ ವಿಭೂತಿ ಹಚ್ಚಿದರು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಅತ್ತುಬಿಟ್ಟೆ.

ಮಣ್ಣು ಮಾಡಿ ನಾಲ್ಕನೆಯ ದಿನ, ಶಾಲೆಯಲ್ಲಿ ಊಟದ ಬಿಡುವಿನಲ್ಲಿ, ನನ್ನ ಚೀಲದೊಳಗೆ ಅತ್ತೆಯ ಫೋನ್ ಸದ್ದು ಮಾಡಿತು. ಮಗನ ಮೆಸೇಜುಗಳನ್ನು ಅವರು ತಾವೇ ಓದಿಕೊಳ್ಳುತ್ತಿದ್ದರು, ನನಗೆಂದೂ ತೋರಿಸಿರಲಿಲ್ಲ. ಮೊದಲ ಸಲ ನಾನು ಓದಿದೆ.

"ಮುಟ್ಟೀನಿ ಬೇ ಯವ್ವಾ. ಇನ್ನ ಎರಕೋ."

ಅದರ ಹಿಂದೆಯೇ ಇನ್ನೊಂದು: "ಈ ಸಲ ಭಾಳ ದಿನ ಆತು. ತಲಿ ತುರಸಾಕ ಹತ್ತಿರಬೇಕಲ್ಲ?"

ನಾನು ಬಾಗಿಲು ಹಾಕಿಕೊಂಡು ಅವನಿಗೆ ಫೋನ್ ಹಚ್ಚಿದೆ.