ಬಿಸಿನೀರಿನ ಊರಿನಲ್ಲಿ ಅತ್ತೆಯ ಮೊಣಕಾಲು

ನಮ್ಮತ್ತೆ ನೆಲದ ಮೇಲೆ ಕೂತು ವರ್ಷದ ಮೇಲಾಗಿತ್ತು. ಮೊಣಕಾಲು ಹಿಡಿದುಕೊಂಡ ಮೇಲೆ ಅವರ ಊಟ ಖುರ್ಚಿಯಲ್ಲಿ, ಮಾತುಕತೆ ಮಂಚದಲ್ಲಿ. ಅದನ್ನೆಲ್ಲ ಹೇಗೋ ಸಹಿಸಿದರು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲಾಗದ್ದು ಮಾತ್ರ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಅಡುಗೆಮನೆಯ ಬಾಗಿಲು ಹಿಡಿದು ನಿಂತು ನನ್ನ ರೊಟ್ಟಿಯಲ್ಲಿ ಕೊರತೆ ಹುಡುಕಿ ಹೆಸರಿಡುವುದೇ ಅವರ ಕೆಲಸವಾಯಿತು. ನನ್ನ ರೊಟ್ಟಿ ಅಷ್ಟೇನೂ ಕೆಟ್ಟದಾಗಿರುವುದಿಲ್ಲ, ಇರಲಿ.

ತಾಳಿಕೋಟೆಯಿಂದ ಹಿಮಾಲಯಕ್ಕೆ ಯಾತ್ರೆಯ ತಂಡವೊಂದು ಹೊರಡುವ ಸುದ್ದಿ ನಮ್ಮೂರು ಮೋರಟಗಿಗೆ ಬಂದಾಗ ಅತ್ತೆ ಕಿವಿ ನಿಮಿರಿಸಿದರು. ದಾರಿಯಲ್ಲಿ ಬೆಟ್ಟಗಳ ನಡುವೆ ಬಿಸಿನೀರಿನ ಬುಗ್ಗೆಗಳ ಊರಿದೆ, ಆ ನೀರಿನಲ್ಲಿ ಗಂಧಕವಿದೆ, ಕಾಲು ಇಳಿಬಿಟ್ಟು ಕೂತರೆ ಕೀಲುನೋವು ಇಳಿಯುತ್ತದೆ ಎಂದು ತಂಡದ ಮುಖಂಡ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ನಾನು ಅರ್ಧ ನಂಬಿದೆ. ಅತ್ತೆ ಪೂರ್ತಿ ನಂಬಿದರು. ನನ್ನ ಗಂಡನಿಗೆ ರಜೆ ಸಿಗಲಿಲ್ಲವಾಗಿ ನಾನೇ ಜೊತೆಗೆ ಹೊರಟೆ.

ಆ ಊರಿನಲ್ಲಿ ಕಲ್ಲಿನ ಸಂದಿಸಂದಿಯಿಂದ ಹಬೆ ಏಳುತ್ತಿತ್ತು. ಒಂದು ಕುಂಡದಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಜನ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಅದರಲ್ಲೇ ಇಳಿಬಿಟ್ಟು ಅನ್ನ ಮಾಡಿಕೊಳ್ಳುತ್ತಿದ್ದರು. ಅತ್ತೆ ಅದನ್ನು ಬೆರಗಿನಿಂದ ನೋಡಿದರು. ಅಲ್ಲಿಂದಲೇ ನನ್ನ ಕಷ್ಟ ಶುರುವಾಯಿತು.

ಸ್ನಾನದ ಕೊಳ ಬೇರೆಯೇ ಇತ್ತು, ಹೆಂಗಸರಿಗೆಂದು ಗೋಡೆ ಕಟ್ಟಿ, ತಣ್ಣೀರು ಬೆರೆಸಿ ಹದ ಮಾಡಿದ್ದು. ಅತ್ತೆ ನನ್ನಿಂದ ಒಂದು ತಂಬಿಗೆ ನೀರು ತರಿಸಿಕೊಂಡು ತಲೆಗೆ ಚಿಮುಕಿಸಿಕೊಂಡರು, ಒಂದು ಗುಟುಕು ಕುಡಿದರು, ನಮ್ಮ ಬಾವಿಯ ಹಾಗೇ ಸವಳು ನೀರು ಎಂದು ಮೆಚ್ಚಿದರು. ಕಾಲು ಮಾತ್ರ ಇಡಲೊಲ್ಲರು.

“ಅನ್ನಾ ಬೇಯೋ ನೀರಾಗ ಕಾಲ ಇಡು ಅಂತೀಯಲ್ಲ, ನಿನಗ ಬುದ್ಧಿ ಐತೇನು?” ಎಂದರು.

ನಮ್ಮ ಕಡೆ ಬಾವಿಗೆ ಇಳಿದವರು ನೀರಿನ ಮೇಲಿನ ಮೆಟ್ಟಿಲಲ್ಲೇ ನಿಂತು ಕೊಡ ಮುಳುಗಿಸುತ್ತಾರೆ. ಕುಡಿಯುವ ನೀರಿಗೆ ಪಾದ ತಾಗಿತೋ, ಹಿಂದೆ ನಿಂತವರು ಜನ್ಮ ಜಾಲಾಡುತ್ತಾರೆ. ಅತ್ತೆ ಬೇಸಿಗೆಯಲ್ಲಿ ತಳದ ನೀರನ್ನು ಗೋರಿಗೋರಿ ತುಂಬಿ ಹೊತ್ತು ತಂದವರು. ಅನ್ನ ಬೇಯುವ ಕುಂಡವೇ ಬೇರೆ, ಈ ಕೊಳವೇ ಬೇರೆ ಎಂದು ಎಷ್ಟು ಹೇಳಿದರೂ, ಎರಡೂ ಒಂದೇ ಬೆಟ್ಟದ ಹೊಟ್ಟೆಯಿಂದ ಬಂದದ್ದಲ್ಲವೇ ಎಂದು ಬಾಯಿ ಮುಚ್ಚಿಸಿದರು.

ನನ್ನ ತಲೆ ಕೆಟ್ಟಿತು. ರೈಲು, ಬಸ್ಸು, ಬೆಟ್ಟದ ತಿರುವಿನಲ್ಲಿ ವಾಂತಿ, ಇಷ್ಟೆಲ್ಲ ಪಟ್ಟು ಬಂದದ್ದು ಒಂದು ಗುಟುಕು ಸವಳು ನೀರು ಕುಡಿಯಲಿಕ್ಕೋ? ಮರುದಿನ ಬೆಳಿಗ್ಗೆ ತಂಡ ಹೊರಡುವುದಿತ್ತು. ಅವರನ್ನು ಬೆಂಚಿನ ಮೇಲೆ ಬಿಟ್ಟು ನಾನೊಬ್ಬಳೇ ಹೋಗಿ ಕೊಳಕ್ಕಿಳಿದೆ. ನೀರು ಹಿತವಾಗಿತ್ತು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ತಿರುಗಿ ಬಂದರೆ ಬೆಂಚು ಖಾಲಿ. ಹುಡುಕುತ್ತ ಕೊಳದ ಹಿಂದೆ ಇಳಿದಾಗ ಅತ್ತೆಯ ಗಟ್ಟಿ ದನಿ ಕೇಳಿಸಿತು. ಕೊಳದ ನೀರು ಅಲ್ಲಿ ಕಲ್ಲಿನ ಕಾಲುವೆಯಲ್ಲಿ ಹೊರಬಿದ್ದು ಹೋಗುತ್ತಿತ್ತು. ಆ ಊರಿನ ಹೆಂಗಸೊಬ್ಬಳು ಕಂಬಳಿ ಒಗೆಯುತ್ತಿದ್ದಳು. ಅತ್ತೆ ಅವಳನ್ನು ಅಪ್ಪಟ ನಮ್ಮೂರ ಕನ್ನಡದಲ್ಲಿ, ಜೊತೆಗೆ ಬೊಗಸೆಯಲ್ಲಿ ಕುಡಿದು ತೋರಿಸುತ್ತ ವಿಚಾರಿಸುತ್ತಿದ್ದರು: “ಈ ನೀರ ಮುಂದ ಯಾರರ ಕುಡಿತಾರೇನ್ರಿ?” ಅವಳು ನಕ್ಕು, ಹರಿದು ಹೋಗುವ ಸೋಪಿನ ನೊರೆ ತೋರಿಸಿ ಇಲ್ಲವೆಂದು ಜೋರಾಗಿ ತಲೆಯಾಡಿಸಿದಳು.

ಅಷ್ಟು ಖಾತ್ರಿ ಅತ್ತೆಗೆ ಸಾಕಾಯಿತು. ಅವಳಿಗಿಂತ ಮೇಲಿನ ಕಡೆ, ನೊರೆ ತಾಗದ ಜಾಗ ಹಿಡಿದರು. ಸೀರೆ ಎತ್ತಿಕೊಂಡು, ಒಂದು ಕೈ ಗೋಡೆಗೆ, ಇನ್ನೊಂದು ಅವಳ ಹೆಗಲಿಗೆ ಕೊಟ್ಟು, ನರಳುತ್ತ, ಇಷ್ಟಿಷ್ಟೇ ಬಗ್ಗಿ, ಕಾಲುವೆಯ ಅಂಚಿನ ಚಪ್ಪಡಿಯ ಮೇಲೆ ಕೂತೇಬಿಟ್ಟರು. ಎರಡೂ ಕಾಲು ನೀರಿಗೆ ಇಳಿಸಿದರು. ತಂಬಿಗೆಯಿಂದ ಮೊಣಕಾಲಿನ ಮೇಲೆ ನೀರು ಹನಿಸಿಕೊಂಡು ಕಣ್ಣು ಮುಚ್ಚಿದರು. ನನಗೆ ಅಳು ಬಂತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಸುಮಾರು ಹೊತ್ತಾದ ಮೇಲೆ ತಂಡದವರು ಊಟಕ್ಕೆ ಕೂಗಿದರು. ನೋವು ಇಳಿಯಿತೇ ಎಂದು ಕೇಳಿದೆ. ಎಲ್ಲಿಯ ನೋವು ಅಲ್ಲೇ ಇದೆ, ಒಂದಿಷ್ಟು ಸಡಿಲಾಗಿದೆ ಅಷ್ಟೇ ಎಂದರು. ಎಬ್ಬಿಸಲು ಕೈ ಚಾಚಿದೆ. ಅತ್ತೆ ಅದನ್ನು ಮೆಲ್ಲಗೆ ಸರಿಸಿದರು.

“ಇಷ್ಟ ದಿನಕ್ಕ ನೆಲಾ ಹಿಡದ ಕುಂತೇನಿ,” ಎಂದರು. “ಇನ್ನಷ್ಟ ಹೊತ್ತ ಕುಂದರಗೊಡು.”